ಭಾವ ಬಡಿದು ನೋಡಿದ ಬಂಡೆ

ಹಗ್ಗ ನೀಲಿ ಬಣ್ಣದ್ದು, ನಲವತ್ತೈದು ಮೀಟರ್ ಉದ್ದ, ನನ್ನ ಹೆಬ್ಬೆರಳಿಗಿಂತ ತುಸು ತೆಳು. ಬೆಂಗಳೂರಿಗೆ ಹೋಗಿ ತಂದಿದ್ದೆ. ಮನೆಯಲ್ಲಿ ಯಾರಿಗೂ ಹೇಳದೆ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೆ. ಒಂದು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಆ ಸಲ ಭತ್ತದ ಕೊಯ್ಲು ಮುಗಿದು ಹುಲ್ಲು ಸಾಗಿಸುವ ಹೊತ್ತಿಗೆ ಅವ್ವ ಗೋಣಿಚೀಲ ಹುಡುಕಿಕೊಂಡು ಅಟ್ಟ ಹತ್ತಿದಳು.

ನಾನು ನಂಜನಗೂಡಿನ ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟ್ ಮುಗಿಸಿ, ಬಿಳಿಗೆರೆ ಬಸ್ಸಿನಲ್ಲಿ ನೇತಾಡಿಕೊಂಡು ಊರಿಗೆ ಬಂದರೆ ಹಗ್ಗ ಜಗಲಿಯ ಮೇಲೆ ಬಿದ್ದಿದೆ. ಅವ್ವ ಅದರ ಒಂದು ತುದಿ ಹಿಡಿದು ಎಳೆದೆಳೆದು ನೋಡುತ್ತಿದ್ದಾಳೆ.

“ಒಳ್ಳೆ ಹಗ್ಗ ಕಣ್ಲಾ,” ಅಂದಳು. “ಹುಲ್ಲಿನ ಗಾಡಿಗ ಬಿಗ್ಯಕ್ಕ ಏಳಿ ಮಾಡ್ಸಿದಂಗದ.”

“ಅದು ಹುಲ್ಲು ಕಟ್ಟೋದಲ್ಲ ಕಣವ್ವ.”

“ಅದೂ ಗೊತ್ತು ಬುಡು. ಆಡು ಮೇಯ್ಸೋ ಮುದುಕಮ್ಮ ಓದ್ವಾರವೇ ಏಳಿದ್ಲು, ನಿನ್ ಮಗ ಬೆಟ್ಟದ್ ಬಂಡೆಗ ಹಲ್ಲಿ ಅಂಗ ಅಂಟ್ಕಂಡಿದ್ದ ಕನವ್ವ ಅಂತ. ನನ್ ಮಗ ಅಲ್ಲ, ಅವ್ನು ಡೂಟಿಗ ಓಗಿದ್ದ ಅಂದೆ. ಈಗ ಅವ್ಳ ಮುಂದ ನಾ ಎಂಗ ಮುಖ ತೋರ್ಸನ?”

ಅವ್ವ ಬೈಯುತ್ತಾಳೆ ಅಂತ ಕಾದೆ. ಬೈಯಲಿಲ್ಲ. ಹಗ್ಗ ಮಡಿಲಿಗೆ ಹಾಕಿಕೊಂಡು ಕೂತು ತೀರ್ಪು ಹೇಳಿದಳು.

“ನಿಮ್ ಭಾವ ಕಲ್ಲಲ್ಲೇ ಕೆಲ್ಸ ಮಾಡಾವ್ರು. ಅವ್ರ್ನ ಕರ್ಸು. ನಿನ್ ಜೊತ ಅವ್ರೂ ಹತ್ಲಿ. ಇಳ್ದು ಬಂದು, ಇದ್ರಲ್ಲಿ ಭಯ ಇಲ್ಲ ಅತ್ತೆ ಅಂತ ಅವ್ರ ಬಾಯಲ್ಲಿ ಅಂದ್ರ ಹಗ್ಗ ನೀನೇ ಮಡಿಕ್ಕೊ. ಇಲ್ಲ ಅಂದ್ರ ಗಾಡಿಗ.”

ಗಾಡಿಗೆ ಅಂದರೆ ಹಗ್ಗವನ್ನು ತುಂಡು ಮಾಡುವುದು ಅಂತ ಅರ್ಥ. ಯಾವ ಗಾಡಿಗೂ ಅಷ್ಟುದ್ದ ಬೇಕಾಗಿಲ್ಲ. ಸಹಾಯಕ್ಕೆ ಅಪ್ಪನ ಕಡೆ ನೋಡಿದೆ. ಅಪ್ಪ ನಮ್ಮ ನಾಲೆಯ ನೀರುಗಂಟಿ. ಊರಿನ ಗದ್ದೆಗಳಿಗೆಲ್ಲ ತೂಬು ತೆಗೆದು ನೀರು ಹಂಚುವ ಮನುಷ್ಯ ಮನೆಯೊಳಗಿನ ವಿಷಯಕ್ಕೆ ಮಾತ್ರ ಯಾವ ತೂಬನ್ನೂ ತೆಗೆಯುವವನಲ್ಲ. ಬೀಡಿ ಹಚ್ಚಿಕೊಂಡು ಹಿತ್ತಲಿಗೆ ಹೋದ.

ಈ ಬಂಡೆ ಹತ್ತುವ ಹುಚ್ಚು ನನಗೆ ಹಿಡಿದದ್ದು ಕಾಲೇಜಿನಲ್ಲಿ. ಮೂರು ದಿನದ ಒಂದು ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದರು. ಎರಡು ದಿನ ಸಾಲಲ್ಲಿ ನಿಂತು, ಮೂರನೆಯ ದಿನ ಹತ್ತು ನಿಮಿಷ ಬಂಡೆ ಮುಟ್ಟಲು ಸಿಕ್ಕಿತು. ಆ ಹತ್ತು ನಿಮಿಷ ಸಾಕಾಯಿತು ನನ್ನನ್ನು ಕೆಡಿಸಲಿಕ್ಕೆ. ಹೇಳಿಕೊಟ್ಟ ಸರ್ ಹತ್ತಿರ ಒಂದು ಇಂಗ್ಲಿಷ್ ಕೈಪಿಡಿ ಇತ್ತು. ಅದನ್ನು ಕಾಡಿ ಬೇಡಿ ಇಸಿದುಕೊಂಡು ಇಡೀ ಪುಸ್ತಕ ಜೆರಾಕ್ಸ್ ಮಾಡಿಸಿದೆ. ಚಿತ್ರಗಳೆಲ್ಲ ಕಪ್ಪಗೆ ಮಸಿಯಾಗಿ ಬಂದವು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದೆ. ಗಂಟುಗಳನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಕಟ್ಟಿ ಕಲಿತೆ. ಎಮ್ಮೆ ನೋಡುತ್ತಾ ನಿಂತಿರುತ್ತಿತ್ತು.

ನನಗೆ ಬೇಕಾಗಿದ್ದು ಹಳೆಯ ಪದ್ಧತಿಯ ಹತ್ತುವಿಕೆ. ಬಂಡೆಗೆ ಒಂದು ಮೊಳೆಯನ್ನೂ ಹೊಡೆಯುವ ಹಾಗಿಲ್ಲ. ಮುಂದಿನವನು ಹಗ್ಗದ ತುದಿ ಸೊಂಟಕ್ಕೆ ಕಟ್ಟಿಕೊಂಡು ಹತ್ತುತ್ತಾ ಹೋಗುತ್ತಾನೆ, ಕೆಳಗಿನವನು ಹಗ್ಗ ಬಿಡುತ್ತಾ ಕಾಯುತ್ತಾನೆ. ದಾರಿಯಲ್ಲಿ ಬಿರುಕು ಸಿಕ್ಕಿದಾಗ ಮುಂದಿನವನು ಅದರೊಳಗೆ ಒಂದು ಕಬ್ಬಿಣದ ತುಂಡು ಸಿಕ್ಕಿಸಿ ಅದಕ್ಕೆ ಕೊಂಡಿ ಹಾಕಿ ಹಗ್ಗ ತೂರಿಸುತ್ತಾನೆ. ಬಿದ್ದರೆ ಆ ತುಂಡು ಹಿಡಿದುಕೊಳ್ಳಬೇಕು. ಮೇಲೆ ನಿಲ್ಲಲು ಜಾಗ ಸಿಕ್ಕಿದ ಕಡೆ ತನ್ನನ್ನು ಬಂಡೆಗೆ ಕಟ್ಟಿಕೊಂಡು, ಕೆಳಗಿನವನನ್ನು ಹತ್ತಿಸಿಕೊಳ್ಳುತ್ತಾನೆ. ಎರಡನೆಯವನು ಬರುತ್ತಾ ಆ ತುಂಡುಗಳನ್ನೆಲ್ಲ ಬಿಚ್ಚಿಕೊಂಡು ಬರುತ್ತಾನೆ. ಇಬ್ಬರೂ ಒಂದೆಡೆ ಸೇರಿದ ಮೇಲೆ ಮತ್ತೆ ಅದೇ ಕೆಲಸ, ಬಂಡೆ ಮುಗಿಯುವ ತನಕ. ಹತ್ತಿ ಹೋದ ಮೇಲೆ ಬಂಡೆಯಲ್ಲಿ ನಮ್ಮ ಗುರುತೇ ಇರಬಾರದು. ಅದು ನನಗೆ ಬಹಳ ಇಷ್ಟವಾಗಿತ್ತು.

ಆ ಕಬ್ಬಿಣದ ತುಂಡುಗಳನ್ನು ನಾನೇ ಮಾಡಿಕೊಂಡಿದ್ದೆ. ಗುಜರಿ ಅಂಗಡಿಯಲ್ಲಿ ದಪ್ಪ ದಪ್ಪ ನಟ್ಟುಗಳನ್ನು ಆರಿಸಿ, ಒಳಗಿನ ಥ್ರೆಡ್ಡನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿ, ಗಟ್ಟಿ ದಾರ ಪೋಣಿಸಿದ್ದೆ. ಕೊಂಡಿಗಳನ್ನೂ ಒಂದು ಸೊಂಟಪಟ್ಟಿಯನ್ನೂ ಮಾತ್ರ ಕೊಂಡುಕೊಂಡದ್ದು.

ನಮ್ಮೂರಿನ ಬೆಟ್ಟ ದೊಡ್ಡದೇನಲ್ಲ. ಹಿಂಭಾಗದಿಂದ ಆಡುಗಳು ಹೋಗುವ ದಾರಿಯಿದೆ, ಮುಕ್ಕಾಲು ಗಂಟೆಯಲ್ಲಿ ತುದಿ ಮುಟ್ಟಬಹುದು. ಆದರೆ ಮೂಡಣ ದಿಕ್ಕಿಗೆ ಒಂದು ಬೋಳು ಬಂಡೆಯ ಮುಖ ಇದೆ. ಅದರ ಮೇಲೆ ನಾನು ಬೈನಾಕ್ಯುಲರ್ ಇಲ್ಲದೆ ಕಣ್ಣಲ್ಲೇ ಒಂದು ದಾರಿ ಗೀಚಿಟ್ಟಿದ್ದೆ. ಮೂರು ಮಜಲು. ಮೊದಲನೆಯದು ಉದ್ದನೆಯ ಬಿರುಕು. ಎರಡನೆಯದು ಬೋಳು ಇಳಿಜಾರು, ಅದರ ಕೊನೆಗೆ ಒಂದು ಕಟ್ಟೆಯಂಥ ಜಾಗ. ಮೂರನೆಯದು ಮೆಟ್ಟಿಲು ಮೆಟ್ಟಿಲಾಗಿ ತುದಿಗೆ. ಅಲ್ಲಿ ಮರ ಹತ್ತಿ ಬೆಳೆದವರಿಗೆ ಕೈಕಾಲಿಗೆ ಬೇಕಾದಷ್ಟು ಹಿಡಿತ ಸಿಗುತ್ತದೆ, ಎತ್ತರ ತಡೆದುಕೊಳ್ಳಬೇಕು ಅಷ್ಟೆ. ಮೊದಲ ಮಜಲನ್ನು ಫ್ಯಾಕ್ಟರಿಯ ಗೆಳೆಯನ ಜೊತೆ ನಾಲ್ಕು ಸಲ ಹತ್ತಿ ಇಳಿದಿದ್ದೆ. ಆಮೇಲೆ ಅವನಿಗೆ ಮದುವೆ ಗೊತ್ತಾಯಿತು, ಬರುವುದು ನಿಲ್ಲಿಸಿದ. ಹಗ್ಗ ಕಾಯುವವರಿಲ್ಲದೆ ಉಳಿದೆರಡು ಮಜಲು ಹಾಗೇ ಕಾದಿದ್ದವು.

ಭಾವ ಅಂದರೆ ನನ್ನ ಅಕ್ಕನ ಗಂಡ. ಬನ್ನೂರಿನ ಹತ್ತಿರದವರು. ಅಲ್ಲೆಲ್ಲ ಭತ್ತ, ಕಬ್ಬು, ನೆಲ ಅಗೆದರೆ ಕೆಸರು. ಆದರೂ ಭಾವನ ಕೆಲಸ ಕಲ್ಲಿನದು. ಊರಾಚೆ ಒಂದು ಸಣ್ಣ ಕ್ವಾರಿಯಲ್ಲಿ ಚಪ್ಪಡಿ, ಕಲ್ಲುಕಂಬ ಎಬ್ಬಿಸುತ್ತಿದ್ದರು. ಮೆಷಿನ್ ಇಲ್ಲ, ಸುತ್ತಿಗೆ, ಉಳಿ, ಬೆಣೆ, ಹಾರೆ. ಬೂತಿನಿಂದ ಅವರ ಪಕ್ಕದ ಮನೆಗೆ ಫೋನ್ ಮಾಡಿ ಹೇಳಿ ಕಳಿಸಿದೆ. ಶನಿವಾರ ಸಂಜೆ ಮೂರು ಬಸ್ಸು ಬದಲಾಯಿಸಿ ಬಂದಿಳಿದರು. ಕಂಕುಳಲ್ಲಿ ಟವೆಲ್ಲಿನ ಗಂಟು.

“ಏನ್ಲಾ ಬಾಮೈದ, ನಿಮ್ಮವ್ವ ನನ್ನ ಹಲ್ಲಿ ಮಾಡಕ್ಕೆ ಕರ್ಸವ್ಳಂತೆ?” ಅಂದರು.

ಮುದ್ದೆ ಉಂಡಾದ ಮೇಲೆ ಸಾಮಾನುಗಳನ್ನೆಲ್ಲ ಚಾಪೆಯ ಮೇಲೆ ಹರಡಿದೆ. ಭಾವ ನಟ್ಟುಗಳನ್ನು ಒಂದೊಂದಾಗಿ ಎತ್ತಿ, ತಿರುಗಿಸಿ, ಬೆರಳು ಹಾಕಿ ನೋಡಿದರು.

“ಇದು ಲಾರಿದಲ್ವೇನ್ಲಾ?”

“ಹೂಂ ಭಾವ.”

“ಲಾರಿಯವ್ನು ಎಲ್ಲಿ ಉಡುಕ್ತಾ ಅವ್ನೋ ಪಾಪ.” ಆಮೇಲೆ ಹಗ್ಗ ಹಿಡಿದು, “ಇದು ರಬ್ಬರ್ ತರ ಎಳೀತದಲ್ಲ,” ಅಂದರು.

ಬಿದ್ದಾಗ ಸೊಂಟಕ್ಕೆ ಜರ್ಕ್ ಹೊಡೆಯದಿರಲಿ ಅಂತ ಹಾಗೆ ಮಾಡಿರುತ್ತಾರೆ ಅಂತ ವಿವರಿಸಿದೆ. ವಿವರಿಸುವುದೆಂದರೆ ನನಗೆ ಹಬ್ಬ. ಆ ಹಗ್ಗದ ಒಳಗೆ ಎಷ್ಟು ಎಳೆ, ಹೊರಗೆ ಎಷ್ಟು ಹೆಣಿಗೆ, ಎಲ್ಲ ಹೇಳಿದೆ. ಭಾವ ಪೂರ್ತಿ ಕೇಳಿಸಿಕೊಂಡು, “ಮನ್ಗಾನ ನಡಿ,” ಅಂದರು.

ಬೆಳಿಗ್ಗೆ ಹಿತ್ತಲಿನ ಹುಣಸೆ ಮರದಲ್ಲಿ ಹಗ್ಗ ಕಾಯುವುದು ಹೇಗೆ ಅಂತ ಕಲಿಸಿದೆ. ಕಲಿಸುವುದೇನು, ಒಂದು ಸಲ ತೋರಿಸಿದೆ. ಕಲ್ಲನ್ನು ಹಗ್ಗದಲ್ಲಿ ಇಳಿಬಿಟ್ಟು ಅಭ್ಯಾಸ ಇದ್ದವರು. ನಾನು ಕೊಂಬೆಯಿಂದ ಜಿಗಿದೆ. ಒಂದು ಗೇಣು ಕೂಡ ಜಾರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಮರ ಎಲ್ರೂ ಹತ್ತಾರು,” ಅಂತ ಹೇಳಿ ಒಳಗೆ ಹೋದಳು.

ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಟ್ಟೆವು. ನಮ್ಮ ಬೆಟ್ಟಕ್ಕೆ ಮೆಟ್ಟು ಹಾಕಿಕೊಂಡು ಯಾರೂ ಕಾಲಿಡುವುದಿಲ್ಲ, ಆಡಿನವರೂ ಸಹ. ಹಾಗಾಗಿ ನಾನು ಶುರುವಿನಿಂದ ಬರಿಗಾಲಲ್ಲೇ ಹತ್ತಿದ್ದು. ಕೈಪಿಡಿಯಲ್ಲಿ ಶೂಗಳಿಗೆಂದೇ ಒಂದು ಅಧ್ಯಾಯ ಇತ್ತು, ಅದನ್ನು ಜೆರಾಕ್ಸೇ ಮಾಡಿಸಿರಲಿಲ್ಲ.

ಬಂಡೆಯ ಕೆಳಗೆ ಭಾವ ಟವೆಲ್ಲಿನ ಗಂಟು ಬಿಚ್ಚಿದರು. ಒಂದು ಕೈ ಸುತ್ತಿಗೆ, ಹಿಡಿ ಸವೆದು ಕಪ್ಪಾದದ್ದು.

“ಅದು ಯಾಕೆ ಭಾವ? ಬಂಡೆಗೆ ಏನೂ ಹೊಡೀಬಾರ್ದು, ಅದೇ ಇದರ ನಿಯಮ.”

“ನಾ ಎಲ್ಲಿ ಹೊಡೀತೀನಿ ಅಂದೆ,” ಅಂದವರೇ ಬಂಡೆಯನ್ನು ಅಲ್ಲಿ ಇಲ್ಲಿ ಟಕ್ ಟಕ್ ಅಂತ ಮುಟ್ಟಿ ನೋಡುತ್ತಾ ಓಡಾಡಿದರು. ಹಸು ಕೊಳ್ಳುವವರು ಅದರ ಬೆನ್ನು ಸವರುತ್ತಾರಲ್ಲ, ಆ ಥರ. ನನಗೆ ಒಳಗೊಳಗೇ ಅಸಹನೆ. ಬಿಸಿಲು ಏರುವುದರೊಳಗೆ ಎರಡನೆಯ ಮಜಲು ದಾಟದಿದ್ದರೆ ಬೋಳು ಬಂಡೆ ಕಾದು ಅಂಗಾಲು ಸುಡುತ್ತದೆ. ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊನೆಗೂ ಹಗ್ಗ ಹಿಡಿದರು.

ಮೊದಲ ಮಜಲು ನನಗೆ ಬಾಯಿಪಾಠ. ಬಿರುಕಿನೊಳಗೆ ಮುಷ್ಟಿ ತೂರಿಸಿ, ಪಾದ ಓರೆ ಮಾಡಿ ಸಿಕ್ಕಿಸಿ ಮೇಲೇಳುವುದು. ಐದು ನಟ್ಟು ಹಾಕಿದೆ. ಪ್ರತಿಯೊಂದನ್ನೂ ಎಳೆದು ಗಟ್ಟಿ ಮಾಡಿದೆ. ಮೇಲೆ ಒಂದು ಗೋಣಿಮರದ ಬುಡಕ್ಕೆ ನನ್ನನ್ನು ಕಟ್ಟಿಕೊಂಡು ಭಾವನನ್ನು ಕರೆದೆ. ಅವರು ಹತ್ತಿದ ರೀತಿ ನೋಡಿ ನನಗೆ ನಾಚಿಕೆಯಾಯಿತು. ನಾನು ಉಸಿರು ಕಟ್ಟಿ ಹತ್ತಿದ್ದನ್ನು ಅವರು ಏಣಿ ಹತ್ತಿದ ಹಾಗೆ ಬಂದರು. ನಾಲ್ಕು ನಟ್ಟು ಕೊರಳಿಗೆ ಹಾಕಿಕೊಂಡಿದ್ದರು.

“ಇನ್ನೊಂದು?”

“ಬರ್ನಿಲ್ಲ. ಸುತ್ಗೇಲಿ ಒಂದೇಟು ಕೊಟ್ಟೆ, ಬಂತು. ಇಗೊ, ಜೇಬಲ್ಲೇ ಅದೆ. ನಿನ್ ನಿಯಮ ಮುರ್ದೋಯ್ತಾ?”

“ಇಲ್ಲ ಭಾವ, ಅದು ಬಂಡೆಗಲ್ವಲ್ಲ, ನಟ್ಟಿಗೆ.”

“ನಿಂದೂ ಲಾಯರ್ ಬುದ್ಧಿ ಕಣ್ಲಾ,” ಅಂತ ನಕ್ಕರು.

ಆ ನಗು ಕಂಡಾಗ ಹಗ್ಗ ಉಳಿಯಿತು ಅಂತ ನನಗೆ ನಂಬಿಕೆ ಬಂತು. ಆ ಖುಷಿಯಲ್ಲೇ ಎರಡನೆಯ ಮಜಲಿಗೆ ಹೊರಟೆ. ಇದು ನನಗೆ ಹೊಸದು. ಬೋಳು ಇಳಿಜಾರು, ಹಿಡಿಯಲು ಏನೂ ಇಲ್ಲ, ಅಂಗಾಲನ್ನು ಬಂಡೆಗೆ ಒತ್ತಿ ನಂಬಿಕೆಯಿಂದ ನಡೆಯಬೇಕು. ನಂಬಿಕೆ ಕಡಿಮೆಯಾದ ಕಡೆ ಕಾಲು ಜಾರುತ್ತದೆ. ಮಧ್ಯೆ ಒಂದೇ ಒಂದು ಬಿರುಕು, ಒಂದೇ ನಟ್ಟು. ಅಲ್ಲಿಂದ ಮುಂದೆ ಹಿಂದಿರುಗಿ ನೋಡಲಿಲ್ಲ. ಕೆಳಗಿನಿಂದ ಹಗ್ಗ ನನಗೆ ಬೇಕಾದಷ್ಟೇ, ಬೇಕಾದಾಗಲೇ ಬರುತ್ತಿತ್ತು.

ಕಟ್ಟೆಯ ಮೇಲೆ ಕೈ ಇಟ್ಟಾಗ ಹಾಡಬೇಕು ಅನಿಸಿತು. ಇಬ್ಬರು ಆರಾಮಾಗಿ ಕೂರುವಷ್ಟು ಜಾಗ. ಅದರ ಹಿಂದೆ ಬಂಡೆಗೆ ಒರಗಿದ ಹಾಗೆ ಒಂದು ದೊಡ್ಡ ಚಕ್ಕೆ, ನನ್ನೆತ್ತರ ಇತ್ತು, ಮನೆ ಬಾಗಿಲಿನಷ್ಟು ಅಗಲ. ಚಕ್ಕೆಗೂ ಬಂಡೆಗೂ ನಡುವೆ ಮೇಲಿನಿಂದ ಕೆಳಕ್ಕೆ ಕಿರಿದಾಗುತ್ತಾ ಹೋಗುವ ಸಂದು. ಕೈಪಿಡಿಯ ಚಿತ್ರದಲ್ಲಿ ಇದ್ದದ್ದು ಇದೇ. ನನ್ನ ನಟ್ಟುಗಳಿಗೆ ಅಳತೆ ತೆಗೆದು ಮಾಡಿದ ಹಾಗಿತ್ತು. ಮೂರು ನಟ್ಟು ಮೇಲಿನಿಂದ ಇಳಿಸಿ, ಎಳೆದು ಕೂರಿಸಿ, ಮೂರಕ್ಕೂ ಸಮನಾಗಿ ಭಾರ ಬೀಳುವಂತೆ ದಾರ ಕಟ್ಟಿ, ಅದಕ್ಕೆ ನನ್ನನ್ನು ಸೇರಿಸಿಕೊಂಡೆ. ಸಂದಿನಿಂದ ಒಂದು ಸಾಲು ಇರುವೆ ಹೊರಗೆ ಬಂದವು, ಅವಕ್ಕೆ ದಾರಿ ಬಿಟ್ಟೆ. ಇಷ್ಟು ಚೆಂದದ ಕಟ್ಟು ನಾನು ಆವರೆಗೆ ಕಟ್ಟಿರಲಿಲ್ಲ. ಕಟ್ಟೆಯ ಅಂಚಿಗೆ ಕಾಲು ಊರಿ ಕೂತು ಭಾವನನ್ನು ಕೂಗಿದೆ.

ಅರ್ಧ ದಾರಿಯಲ್ಲಿ ಭಾವ ಜಾರಿದರು.

ಸದ್ದೇನೂ ಆಗಲಿಲ್ಲ. ಹಗ್ಗ ಒಮ್ಮೆಲೇ ಬಿಗಿಯಾಯಿತು, ನನ್ನ ಸೊಂಟ ಮುಂದಕ್ಕೆ ಎಳೆಯಿತು, ಹಿಂದಿನ ದಾರ ತಂತಿಯಾಯಿತು. ಹಿಡಿದುಕೊಂಡೆ. ಬಗ್ಗಿ ನೋಡಿದರೆ ಭಾವ ಬಂಡೆಗೆ ಎರಡೂ ಅಂಗೈ ಒತ್ತಿ ಹಗ್ಗದಲ್ಲಿ ನೇತಾಡುತ್ತಿದ್ದರು.

“ಬಿಟ್ಟೀಯಾ ಮತ್ತೆ,” ಅಂದರು ಸಣ್ಣ ದನಿಯಲ್ಲಿ.

“ಬಿಡಲ್ಲ ಭಾವ. ಕಾಲು ಚಪ್ಪಟೆ ಇಡಿ, ಹಿಮ್ಮಡಿ ಕೆಳಗೆ ಮಾಡಿ.”

“ನಿಮ್ಮಕ್ಕಂಗೆ ಏಳ್ಬ್ಯಾಡ.”

ಕಾಲು ಊರಿದರು, ನಿಧಾನಕ್ಕೆ ಹತ್ತಿದರು. ನನಗೆ ಒಳಗೆ ಹಿಗ್ಗು. ಕೈಪಿಡಿ ಓದಿ ನಾನೇ ಕಟ್ಟಿದ ಕಟ್ಟು ಒಬ್ಬ ಗಂಡಾಳಿನ ಭಾರ ತಡೆದಿದೆ. ಇನ್ನು ಅವ್ವನ ಮುಂದೆ ಹೇಳಲು ಇದಕ್ಕಿಂತ ಸಾಕ್ಷಿ ಬೇಕಾ?

ಭಾವ ಕಟ್ಟೆಗೆ ಬಂದು ಕೂತು, ಬೆವರು ಒರೆಸಿಕೊಂಡು, ಹಿಂದೆ ತಿರುಗಿ ಚಕ್ಕೆಯನ್ನು ನೋಡಿದರು. ಆಮೇಲೆ ಇರುವೆಯ ಸಾಲನ್ನು ನೋಡಿದರು. ಚಕ್ಕೆಯ ಬುಡದಲ್ಲಿ ಒಣಗಿದ ಹುಲ್ಲಿನ ಬೇರು ಇತ್ತು, ಅದನ್ನು ನೋಡಿದರು. ಸೊಂಟದಿಂದ ಸುತ್ತಿಗೆ ತೆಗೆದು ಬಂಡೆಗೆ ಮೆಲ್ಲಗೆ ತಾಗಿಸಿದರು. ಠಣ್ ಅಂತು. ಚಕ್ಕೆಗೆ ತಾಗಿಸಿದರು. ಖಾಲಿ ಡಬ್ಬ ತಟ್ಟಿದ ಸದ್ದು ಬಂತು.

“ಲೇ,” ಅಂದರು. “ನನ್ನ ಇದ್ಕೆ ಕಟ್ಟಿದ್ಯಾ?”

“ಹೂಂ ಭಾವ.”

“ನಾ ಜಾರ್ದಾಗ ಇದೇ ಇಡ್ಕಂಡಿದ್ದಾ?”

“ಹೂಂ.”

ಮೂರು ನಟ್ಟನ್ನೂ ಒಂದೊಂದಾಗಿ ನೋಡಿದರು. ಕೋಪ ಏನೂ ಕಾಣಲಿಲ್ಲ, ಲೆಕ್ಕ ಹಾಕುತ್ತಿದ್ದ ಹಾಗಿತ್ತು.

“ಅಲ್ಲಾಡ್ಬ್ಯಾಡ. ನೋಡಿಲ್ಲಿ. ಇದು ಬಂಡೆಗೆ ಅಂಟ್ಕಂಡಿಲ್ಲ. ಒರಿಕ್ಕಂಡು ನಿಂತದೆ ಅಷ್ಟೇಯ. ಅಡೀಲಿ ನಾಕ್ ಬೆಳ್ಳಗಲದ್ ಮೇಲೆ ಕುಂತದೆ. ಇರುವೆ ಆ ಕಡೆಯಿಂದ ಈ ಕಡೆಗೆ ಓಡಾಡ್ತಾವೆ ಅಂದ್ರೆ ಇಂದೆ ಎಲ್ಲ ಪೊಳ್ಳು. ನಾವು ಕ್ವಾರೀಲಿ ಚಪ್ಪಡಿ ಎಬ್ಬಿಸೋದು ಎಂಗೆ ಏಳು?”

“ಬೆಣೆ ಹೊಡೆದು.”

“ಸಂದಿಗೆ ಬೆಣೆ ಇಟ್ಟು ಮೇಲಿಂದ ಹೊಡೀತೀವಿ. ಬೆಣೆ ಕೆಳಕ್ಕೆ ಇಳಿದಂಗೆಲ್ಲ ಚಪ್ಪಡಿ ಆಚಿಕ್ಕೆ ಬತ್ತದೆ. ನೀನು ಮೂರು ಬೆಣೆ ಇಟ್ಟಿದ್ದೀಯೆ. ಸುತ್ಗೆ ಬದ್ಲು ನನ್ನೇ ನೇತಾಕಿದ್ದೀಯೆ.”

ಅದುವರೆಗೆ ಆ ಸಂದನ್ನು ನಾನು ನೋಡಿದ್ದು ನಟ್ಟು ಸಿಕ್ಕಿಸುವವನ ಕಣ್ಣಲ್ಲಿ. ನನ್ನ ಜೀವ ಕಾಯುವ ಸಾಮಾನು, ಕಲ್ಲು ಕೀಳುವವನ ಸಾಮಾನು, ಎರಡೂ ಮಾಡುವ ಕೆಲಸ ಒಂದೇ ಅಂತ ಹೊಳೆದಿರಲೇ ಇಲ್ಲ. ಚಕ್ಕೆ ಬಂದಿದ್ದರೆ ನಾನೂ ಭಾವನೂ ಅದರ ಜೊತೆಗೇ ಹೋಗುತ್ತಿದ್ದೆವು.

“ಈಗ?” ಅಂದೆ.

“ಈಗ ಏನು. ನಿನ್ ಪುಸ್ತಕ ಏನನ್ನುತ್ತೆ?”

ಹೊಸ ಕಟ್ಟು ಕಟ್ಟಿ, ಅದಕ್ಕೆ ಇಬ್ಬರೂ ಸೇರಿಕೊಂಡ ಮೇಲೆಯೇ ಹಳೆಯದನ್ನು ಬಿಚ್ಚಬೇಕು ಅಂತ ಹೇಳಿದೆ. “ಅದು ಸರಿಯಾಗೇ ಅದೆ,” ಅಂದರು. ಕೂತಲ್ಲಿಂದಲೇ ಕೈ ಚಾಚಿ ಬಂಡೆಯನ್ನು ತಟ್ಟುತ್ತಾ ಹೋದರು. ಎಡಗಡೆ, ಮೊಣಕಾಲಿನ ಮಟ್ಟದಲ್ಲಿ, ನಾನು ನೋಡಿಯೂ ನೋಡದೆ ಬಿಟ್ಟಿದ್ದ ಒಂದು ಸಣ್ಣ ಬಿರುಕು ಇತ್ತು. ಅದರ ಎರಡೂ ಬದಿ ಠಣ್ ಅಂದವು. “ಇಲ್ಲಾಕು. ಇದು ತಾಯಿಬಂಡೆ.” ಎರಡು ನಟ್ಟು ಅಲ್ಲಿ ಹಾಕಿದೆ. ಮೂರನೆಯದಕ್ಕೆ ಒಂದು ಗೇಣು ಆಚೆ ಜಾಗ ತೋರಿಸಿದರು. ನೋಡಲು ನನ್ನ ಹಳೆಯ ಕಟ್ಟಿನಷ್ಟು ಚೆಂದ ಇರಲಿಲ್ಲ. ಚಕ್ಕೆಯ ಸಂದಿನಿಂದ ನಟ್ಟುಗಳನ್ನು ಬಿಚ್ಚುವಾಗ ಸುತ್ತಿಗೆ ಮುಟ್ಟಿಸಲು ಭಾವ ಬಿಡಲಿಲ್ಲ. ಹಸುಗೂಸಿನ ಬಾಯಿಂದ ಏನೋ ತೆಗೆಯುವ ಹಾಗೆ ಬೆರಳಲ್ಲಿ ಎತ್ತಿ ತೆಗೆದರು.

ಇಳಿಯುವುದೋ ಹತ್ತುವುದೋ ಅಂತ ಮಾತಾಯಿತು. ಮೇಲಿನ ಮಜಲು ಸುಲಭ, ಇಳಿಯುವುದೇ ಕಷ್ಟ ಅಂದೆ. ನಿಜವಾಗಿಯೂ ಹಾಗೇ ಇತ್ತು, ಆಸೆಗೆ ಹೇಳಿದ್ದಲ್ಲ. ಭಾವ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು.

“ತಕ್ಕ. ಎಲ್ಲಿ ನಟ್ಟಾಕ್ತೀಯೋ ಅಲ್ಲಿ ತಟ್ಟು. ನಾ ಇಲ್ಲಿಂದ ಕೇಳ್ತೀನಿ. ಆಯ್ತು ಅಂದ್ರೆ ಆಕು.”

ಆ ಮೂರನೆಯ ಮಜಲನ್ನು ನಾನು ಯಾವಾಗ ಬೇಕಾದರೂ ಕಣ್ಣು ಮುಚ್ಚಿ ಮತ್ತೆ ಹತ್ತಬಲ್ಲೆ. ಹತ್ತಡಿ ಹತ್ತುವುದು, ಒಂದು ಬಿರುಕು ಸಿಗುವುದು, ಸುತ್ತಿಗೆ ತಾಗಿಸುವುದು, ಕಾಯುವುದು. ಕೆಳಗಿನಿಂದ “ಆಯ್ತು” ಅನ್ನುವ ದನಿ. ಇಲ್ಲವೇ “ಬ್ಯಾಡ, ಬಲಕ್ಕೋಗು.” ನನಗೆ ಎರಡೂ ಸದ್ದು ಒಂದೇ ಥರ ಕೇಳಿಸುತ್ತಿತ್ತು. ಭಾವನಿಗೆ ಐವತ್ತಡಿ ಕೆಳಗೆ, ಗಾಳಿಯಲ್ಲಿ, ಬೇರೆ ಬೇರೆಯಾಗಿ ಕೇಳಿಸುತ್ತಿತ್ತು. ಒಂದು ಕಡೆ ನಾನು ಎರಡು ಸಲ ತಟ್ಟಿದೆ. “ಒಂದೇ ಸಲ ತಟ್ಲಾ, ನಾ ಕಿವುಡ ಅಲ್ಲ,” ಅಂದರು. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಬೆಳಗಿನಿಂದ ಆ ಹೊತ್ತಿನವರೆಗೆ ನನ್ನ ತಲೆಯಲ್ಲಿ ಓಡುತ್ತಿದ್ದ ಕೈಪಿಡಿಯ ಪುಟಗಳು ನಿಂತುಹೋಗಿದ್ದವು. ನಾನು ಬರೀ ಹತ್ತುತ್ತಿದ್ದೆ.

ತುದಿಯಲ್ಲಿ ಕೂತು ಅವ್ವ ಕಟ್ಟಿಕೊಟ್ಟಿದ್ದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಕೆಳಗೆ ಕೊಯ್ಲಾದ ಗದ್ದೆಗಳು, ಅಲ್ಲಲ್ಲಿ ಹುಲ್ಲಿನ ಗಾಡಿಗಳು. ಗಾಡಿ ಕಂಡಾಗ ನೆನಪಾಯಿತು.

“ಭಾವ, ಅವ್ವಂಗೆ ಏನಂತೀರಿ?”

“ಕಂಡಿದ್ದ ಏಳ್ತೀನಿ.”

“ಆ ಚಕ್ಕೆ ವಿಷಯ ಬಿಟ್ಟು ಹೇಳಬಹುದಲ್ವ. ಈಗ ನನಗೆ ಗೊತ್ತಾಯ್ತಲ್ಲ, ಇನ್ನೊಂದ್ಸಲ ಮಾಡಲ್ಲ.”

ಭಾವ ರೊಟ್ಟಿ ಮುರಿಯುತ್ತಾ, “ನಿಮ್ಮವ್ವ ನನ್ನ ಕೇಳಿರದು ಅದೊಂದೇ ಮಾತು ಕಣಪ್ಪ,” ಅಂದರು. ಆಡಿನ ದಾರಿಯಲ್ಲಿ ಇಳಿದೆವು. ಇಡೀ ದಾರಿ ಅವರು ಅಕ್ಕನ ಹೊಸ ಹಸು ಬಗ್ಗೆ ಹೇಳುತ್ತಾ ಬಂದರು, ನಾನು ಹಗ್ಗ ಹೆಗಲಿಗೆ ಹಾಕಿಕೊಂಡು ಹಿಂದೆ ನಡೆದೆ.

ಅವ್ವ ಜಗಲಿಯಲ್ಲೇ ಕೂತಿದ್ದಳು. ಕಾಲಿಗೆ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು. ಭಾವ ಕುಡಿದು ಲೋಟ ಇಡುವ ತನಕ ಕಾದಳು.

“ಈಗ ಏಳಿ ಅಳಿಯಂದ್ರೇ.”

“ಹಗ್ಗ ಚೆನ್ನಾಗದೆ ಅತ್ತೆ. ಗಂಟೆಲ್ಲ ಚೆಂದ ಆಕ್ತಾನೆ. ನಾ ಜಾರ್ದೆ, ನನ್ನ ಇಡ್ಕಂಡ. ಕೈ ಬುಡ್ನಿಲ್ಲ.”

ಅವ್ವ ನನ್ನ ಕಡೆ ನೋಡಿದಳು. ನನಗೆ ಅಷ್ಟಕ್ಕೇ ನಿಂತರೆ ಸಾಕಾಗಿತ್ತು.

“ಆದ್ರೆ ಇವ್ನಿಗೆ ಕಲ್ಲು ಗೊತ್ತಿಲ್ಲ,” ಅಂತ ಮುಂದುವರಿಸಿದರು. ಚಕ್ಕೆಯ ವಿಷಯ ಪೂರ್ತಿ ಹೇಳಿದರು, ಇರುವೆಯನ್ನೂ ಬಿಡಲಿಲ್ಲ. ದನಿ ಏರಿಸಲಿಲ್ಲ, ಹೆಚ್ಚೂ ಮಾಡಲಿಲ್ಲ, ಕಡಿಮೆಯೂ ಮಾಡಲಿಲ್ಲ. ಅವ್ವ ಕೇಳುತ್ತಾ ಕೇಳುತ್ತಾ ಹಗ್ಗವನ್ನು ತನ್ನ ಕಡೆಗೆ ಎಳೆದುಕೊಂಡಳು.

“ಅಂಗಾರ ಭಯ ಅದ.”

“ಅದೆ ಅತ್ತೆ. ಗೊತ್ತಿಲ್ದಿರೋ ತನಕ ಅದೆ. ಗೊತ್ತು ಮಾಡ್ಕಬೋದು. ವಾರಕ್ಕೊಂದಿನ ರಜ ಅಲ್ವಾ ಇವ್ನಿಗೆ, ನನ್ ತಾವ ಕಳ್ಸು. ಕ್ವಾರೀಲಿ ನನ್ ಜೊತೆ ಕಲ್ಲು ತಟ್ಲಿ. ಹಗ್ಗ ನಮ್ಮನೇಲಿ ಇರ್ಲಿ. ಇವ್ನ ಕಿವಿಗೆ ಕಲ್ಲು ಕೇಳ್ತದೆ ಅಂತ ನಂಗನ್ನಿಸ್ದಾಗ ಕೊಡ್ತೀನಿ.”

“ಎಷ್ಟ್ ದಿನ?”

“ನಂಗೇನ್ ಗೊತ್ತು. ನಂಗೆ ನಮ್ಮಪ್ಪ ಎರಡ್ವರ್ಷ ಉಳಿ ಮುಟ್ಟಕ್ಕೆ ಬುಟ್ಟಿರ್ನಿಲ್ಲ.”

ಅವ್ವ ಯೋಚಿಸಿದಳು. ನನ್ನನ್ನು ಯಾರೂ ಕೇಳಲಿಲ್ಲ. “ನಿಮ್ ಕೈಲಿದ್ರ ನಂಗ ಯೋಚ್ನೆ ಇಲ್ಲ,” ಅಂತ ಹಗ್ಗವನ್ನು ಭಾವನ ಮಡಿಲಿಗೆ ಹಾಕಿದಳು. ಸಂಜೆ ಬಸ್ಸಿಗೆ ನನ್ನ ಹಗ್ಗ ಗೋಣಿಚೀಲದಲ್ಲಿ ಕೂತು ಬನ್ನೂರಿಗೆ ಹೊರಟಿತು. ಭಾವನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ ಬಸ್‌ಸ್ಟ್ಯಾಂಡಿಗೂ ಹೋಗಲಿಲ್ಲ.

ಆದರೂ ಮುಂದಿನ ರಜೆಗೆ ಹೋದೆ. ಹೋಗದೆ ಇನ್ನೇನು ಮಾಡಲಿ. ಅದರ ಮುಂದಿನ ವಾರವೂ ಹೋದೆ. ಮೊದಲ ತಿಂಗಳು ಭಾವ ನನಗೆ ಏನೂ ಹೇಳಿಕೊಡಲಿಲ್ಲ, ಬರೀ ತಟ್ಟು ಅಂದರು. ಅವರ ಜೊತೆಯ ಆಳುಗಳಿಗೆ ನಾನು ತಮಾಷೆಯಾದೆ, “ಬಾಗ್ಲು ತಟ್ಟೋ ಬಾಮೈದ ಬಂದ” ಅನ್ನುತ್ತಿದ್ದರು. ಎರಡನೆಯ ತಿಂಗಳು ಎಲ್ಲೋ ಒಂದು ಮಧ್ಯಾಹ್ನ, ಊಟ ಆದ ಮೇಲೆ, ಒಂದು ಕಲ್ಲಿಗೆ ಸುತ್ತಿಗೆ ತಾಗಿಸಿದಾಗ ಸದ್ದಿನ ಬಾಲ ಕೇಳಿಸಿತು. ಒಳ್ಳೆಯ ಕಲ್ಲಿನ ಸದ್ದು ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ಪೊಳ್ಳಿನದು ಅಲ್ಲೇ ಬಿದ್ದುಹೋಗುತ್ತದೆ. ಕೈಗೂ ಬೇರೆ ಬೇರೆ ತಿಳಿಯುತ್ತದೆ. ಇದನ್ನು ಇನ್ನೂ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ. ಭಾವನಿಗೆ ಹೇಳಿದೆ. “ಊಂ” ಅಂದರು ಅಷ್ಟೆ.

ಮುಂಗಾರು ಶುರುವಾಗುವ ಮುಂಚೆ ಒಂದು ದಿನ ಅವರೇ ಟವೆಲ್ಲಿನಿಂದ ನನ್ನ ಕಣ್ಣು ಕಟ್ಟಿ ಆರು ಕಲ್ಲು ತಟ್ಟಿದರು. ಐದಕ್ಕೆ ಸರಿಯಾಗಿ ಹೇಳಿದೆ. ಆರನೆಯದಕ್ಕೆ ಎರಡು ಸಲ ಕೇಳಿಸಿಕೊಂಡು, ಗೊತ್ತಾಗುತ್ತಿಲ್ಲ, ನಾನಾಗಿದ್ದರೆ ಇದಕ್ಕೆ ನಟ್ಟು ಹಾಕುವುದಿಲ್ಲ ಅಂದೆ. ಟವೆಲ್ ಬಿಚ್ಚಿದರು.

“ನಡಿ, ಹಗ್ಗ ಕೊಡ್ತೀನಿ.”

ಮನೆಗೆ ಓಡಿದ ಹಾಗೆ ಬಂದೆವು. ಭಾವ ಮಂಚದ ಕೆಳಗೆ ಬಗ್ಗಿ ನೋಡಿ ಹಾಗೇ ನಿಂತರು. ಅಕ್ಕ ಒಲೆ ಮುಂದಿನಿಂದಲೇ ಕೂಗಿದಳು.

“ಅದ್ನ ಮುಟ್ಬ್ಯಾಡಿ ಕಣ್ರೀ. ಕೋಳಿ ಕಾವಿಗೆ ಕುಂತದೆ.”

ನಾನೂ ಬಗ್ಗಿದೆ. ಗೋಣಿಚೀಲದ ಬಾಯಿ ತೆರೆದಿತ್ತು. ಸುರುಳಿ ಸುತ್ತಿದ ನೀಲಿ ಹಗ್ಗದ ನಡುವೆ ಕೆಂಚಗಿನ ಒಂದು ಹ್ಯಾಟೆ ಗರಿ ಕೆದರಿಕೊಂಡು ಕೂತು ನನ್ನನ್ನೇ ಗುರಾಯಿಸುತ್ತಿತ್ತು. ಅಡಿಯಲ್ಲಿ ಹನ್ನೊಂದು ಮೊಟ್ಟೆ ಅಂತ ಅಕ್ಕ ಹೇಳಿದಳು.

“ಯಾವತ್ತು ಕುಂತಿದ್ದು?” ಭಾವ ಕೇಳಿದರು.

“ನೆನ್ನೆ.”

ಭಾವ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಮರಿ ಏಳಲು ಮೂರು ವಾರ. ಅಕ್ಕ ತಟ್ಟೆ ಹಾಕಿ, “ಕುಂತ್ಕಳ್ರಿ ಇಬ್ರೂ, ಬಿಸಿ ಆರೋಯ್ತದೆ,” ಅಂದಳು. ಕೂತು ಉಂಡೆವು. ಮಂಚದ ಕೆಳಗಿಂದ ಆಗಾಗ ಕೋಳಿ ಗೊಣಗುತ್ತಿತ್ತು. ಇನ್ನು ಮೂರು ಭಾನುವಾರ ಕ್ವಾರಿಗೆ ಬರಲು ನನಗೆ ಯಾವ ಕಾರಣವೂ ಇರಲಿಲ್ಲ, ಆದರೂ ಬರುತ್ತೇನೆ ಅಂತ ಊಟದ ಮಧ್ಯೆ ಹೇಳಿದೆ. ಭಾವ ತಲೆ ಎತ್ತದೆ, “ಬೇಗ ಬಾ, ದೊಡ್ ಕಲ್ಲೊಂದು ಎಬ್ಬಿಸ್ಬೇಕು,” ಅಂದು ಸಾರು ಬಡಿಸಿಕೊಂಡರು.